ಬೆಳವಲದ ಜೋಳ, ಕಲ್ಯಾಣದ ಸಿಂಹಾಸನ



ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹಾದಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ದೃಷ್ಟಿ ಹರಿದಷ್ಟು ದೂರವೂ ಎರೆಹೊಲ. ಋತುವಿಗೆ ತಕ್ಕಂತೆ ಹೆಸರು, ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ. ಗುಡ್ಡವಿಲ್ಲ, ಕಾಡಿಲ್ಲ, ಹೇಳಿಕೊಳ್ಳುವಂತಹ ಹೊಳೆಯೂ ಊರ ಪಕ್ಕದಲ್ಲಿಲ್ಲ. ಕೋಟೆ ಕಟ್ಟಿ ಶತ್ರುವನ್ನು ತಡೆಯಲು ಇದಕ್ಕಿಂತ ಅನನುಕೂಲವಾದ ನೆಲವನ್ನು ಹುಡುಕುವುದು ಕಷ್ಟ. ಆದರೂ 1184ರಿಂದ ಸುಮಾರು ಐದು ವರ್ಷ ಒಂದು ಸಾಮ್ರಾಜ್ಯದ ರಾಜಧಾನಿ ಇದೇ ಊರಾಗಿತ್ತು. ಒಂದು ಕಾಲಕ್ಕೆ ನರ್ಮದೆಯ ದಡದಿಂದ ತುಂಗಭದ್ರೆಯ ಆಚೆಯವರೆಗೆ ಹಬ್ಬಿದ್ದ ಕಲ್ಯಾಣದ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ಇಲ್ಲಿಂದ ರಾಜ್ಯವಾಳಿದ. 1189ರ ಹೊತ್ತಿಗೆ ಅದೂ ಮುಗಿಯಿತು.

ಸಾಮ್ರಾಜ್ಯಗಳು ಹೇಗೆ ಏಳುತ್ತವೆ, ಹೇಗೆ ಆಳುತ್ತವೆ, ಏಕೆ ಬೀಳುತ್ತವೆ ಎಂಬ ಪ್ರಶ್ನೆಗೆ ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ರಾಜರ ಗುಣಾವಗುಣಗಳಲ್ಲಿ ಉತ್ತರ ಹುಡುಕುತ್ತವೆ. ಶೂರನಿದ್ದಾಗ ಎದ್ದಿತು, ದುರ್ಬಲ ಬಂದಾಗ ಬಿತ್ತು ಎಂದು. ಆ ಉತ್ತರ ತಪ್ಪಲ್ಲದಿರಬಹುದು, ಆದರೆ ಸಾಲದು. ಅಪಾಯದಲ್ಲಿದ್ದ ಚಕ್ರವರ್ತಿ ಬಯಲು ನಾಡಿನ ಅಣ್ಣಿಗೇರಿಯನ್ನೇ ಏಕೆ ಆರಿಸಿಕೊಂಡ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಈ ನೆಲದ ಮಣ್ಣಿನಿಂದಲೇ ಆರಂಭಿಸಬೇಕಾಗುತ್ತದೆ.

ಅಣ್ಣಿಗೇರಿ, ನವಲಗುಂದ, ಗದಗಗಳ ಸುತ್ತಿನ ಸೀಮೆಯನ್ನು ಶಾಸನಗಳು ಬೆಳ್ವೊಲ-300 ಎಂದು ಕರೆಯುತ್ತವೆ. ಇಂದಿಗೂ ಜನರ ಬಾಯಲ್ಲಿ ಅದು ಬೆಳವಲ. ಬೆಳೆಯುವ ಹೊಲ ಎಂಬುದೇ ಆ ಮಾತಿನ ಅರ್ಥವೆಂದು ವಿದ್ವಾಂಸರು ಬಿಡಿಸಿದ್ದಾರೆ. ಮುನ್ನೂರು ಎಂದರೆ ಮುನ್ನೂರು ಹಳ್ಳಿಗಳ ನಾಡು ಎಂಬುದು ವಾಡಿಕೆಯ ಅರ್ಥ. ಇದರ ಪಕ್ಕದಲ್ಲೇ ಲಕ್ಷ್ಮೇಶ್ವರ ಕೇಂದ್ರವಾದ ಪುಲಿಗೆರೆ-300. ಇವೆರಡನ್ನೂ ಸೇರಿಸಿ ‘ಎರಡರುನೂರು’ ಎನ್ನುವುದು ಶಾಸನಗಳ ರೂಢಿ.

ಮಲೆನಾಡಿನ ರೈತನಿಗೆ ಬೆಳವಲದ ಕೃಷಿ ಸುಲಭವಾಗಿ ಅರ್ಥವಾಗುವುದಿಲ್ಲ. ಗುಡ್ಡದ ನಾಡಿನಲ್ಲಿ ಮಳೆ ಬಿದ್ದಾಗ ಬೆಳೆ, ಮಳೆ ನಿಂತರೆ ಕೆರೆಯ ನೀರು, ಹಳ್ಳದ ಕಟ್ಟು. ಎರೆಭೂಮಿಯ ಲೆಕ್ಕ ಬೇರೆ. ಅಲ್ಲಿ ಮಣ್ಣೇ ಕೆರೆ. ಮಳೆಗಾಲದಲ್ಲಿ ಬಿದ್ದ ನೀರನ್ನು ಆ ಜಿಗುಟು ಮಣ್ಣು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಬಿಳಿಜೋಳ ಬಿತ್ತಿದರೆ, ಮುಂದೆ ಹನಿ ಮಳೆ ಬೀಳದಿದ್ದರೂ ನೆಲದ ಹಸಿಯನ್ನು ಹೀರಿ ಬೆಳೆ ನಿಲ್ಲುತ್ತದೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ತೆನೆ ಹೊರಬಿದ್ದಿರುತ್ತದೆ. ಕುಡಿಯುವ ನೀರಿಗೆ ಮಾತ್ರ ಈ ಸೀಮೆ ಸದಾ ಬಡವಾಗಿತ್ತು. ಬಾವಿ ತೋಡಿದರೆ ಸವಳು ನೀರು. ಕೆರೆಯನ್ನು ಕಟ್ಟಿದ್ದು ಬೆಳೆಗಿಂತ ಹೆಚ್ಚಾಗಿ ಬಾಯಿಗೆ.

ಈ ಕೃಷಿವಿಜ್ಞಾನದ ಸಂಗತಿಗೂ ರಾಜಕೀಯಕ್ಕೂ ಹತ್ತಿರದ ನಂಟಿದೆ. ಕಾಲುವೆಯಿಂದ ಬೆಳೆಯುವ ನಾಡಿನಲ್ಲಿ ರಾಜ ಕಾಲುವೆ ತೋಡಿಸಬೇಕು, ಹೂಳು ತೆಗೆಸಬೇಕು. ರೈತನಿಂದ ತೆಗೆದುಕೊಳ್ಳುವ ಮುನ್ನ ಅಷ್ಟಿಷ್ಟು ಕೊಡಬೇಕು. ಬೆಳವಲದಲ್ಲಿ ರಾಜ ಏನನ್ನೂ ಕೊಡದೆಯೇ ಜೋಳ ಬೆಳೆಯುತ್ತಿತ್ತು. ಆದ್ದರಿಂದ ಇದು ತೆಗೆದುಕೊಳ್ಳಲು ಅತ್ಯಂತ ಸುಲಭವಾದ ನಾಡು. ಅಷ್ಟೇ ಸುಲಭವಾಗಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದಾದ ನಾಡು.

ಹಾಗೆ ದಾಟಿಸಿದ ದಾಖಲೆಗಳು ಸಾಕಷ್ಟಿವೆ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಕುಮಾರಿ ರೇವಕನಿಮ್ಮಡಿಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿದಾಗ ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಬಳುವಳಿಯಾಗಿ ಕೊಟ್ಟರೆಂದು ಹೆಬ್ಬಾಳದ ಶಾಸನ ಹೇಳುತ್ತದೆ. 949ರಲ್ಲಿ ತಮಿಳುನಾಡಿನ ತಕ್ಕೋಲಂ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಬೂತುಗ ಕೊಂದ. ಅದಕ್ಕೆ ಮೆಚ್ಚಿ ಮುಮ್ಮಡಿ ಕೃಷ್ಣನು ಬನವಾಸಿ-12000ದ ಜೊತೆಗೆ ಇವೇ ನಾಡುಗಳನ್ನು ಅವನಿಗಿತ್ತನೆಂದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹೇಳುತ್ತದೆ. ಆ ಕಲ್ಲು ಇನ್ನೊಂದು ಮಾತನ್ನೂ ದಾಖಲಿಸಿದೆ. ಬೂತುಗನ ಪರವಾಗಿ ಹೋರಾಡಿದ ಮಣಲೆರ ಎಂಬ ವೀರ, ಮೆಚ್ಚಿಗೆಯಾಗಿ ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯೊಂದಿಗೇ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲೇ ಇದು. ಆ ಮಣಲೆರನಿಗೆ ಬೂತುಗ ಆತಕೂರು-12ನ್ನೂ ಕೊಟ್ಟ. ಒಬ್ಬ ದೊರೆ ಮುನ್ನೂರು ಹಳ್ಳಿಗಳ ನಾಡನ್ನು ಕೆಳಗಿನವನಿಗೆ ಕೊಡುತ್ತಾನೆ, ಅವನು ಹನ್ನೆರಡು ಹಳ್ಳಿಗಳನ್ನು ತನಗಿಂತ ಕೆಳಗಿನವನಿಗೆ ಕೊಡುತ್ತಾನೆ. ಸಾಮ್ರಾಜ್ಯವೆಂದರೆ ಬಹುಮಟ್ಟಿಗೆ ಇಂತಹ ಕೊಡುಗೆಗಳ ಸರಪಣಿ. ಆ ಹಳ್ಳಿಗಳವರನ್ನು ಯಾರೂ ಕೇಳಿದ ಕುರುಹಿಲ್ಲ. ನಾಯಿಗೆ ಸಿಕ್ಕ ಕಲ್ಲು ಬೆಳವಲದ ಒಕ್ಕಲಿಗನಿಗೆ ಸಿಗಲಿಲ್ಲ ಎಂದರೆ ಅದು ಕೊಂಕು ಮಾತೆನಿಸಬಹುದು. ಆದರೆ ನಿಜ.

ಸರಪಣಿ ಏಕೆ ಬೇಕಾಯಿತು? ಇಲ್ಲಿ ಧಾನ್ಯದ ಭಾರವನ್ನು ನೆನೆಯಬೇಕು. ರೋಮ್ ನಗರಕ್ಕೆ ಈಜಿಪ್ಟಿನ ಗೋಧಿ ಹಡಗಿನಲ್ಲಿ ಬರುತ್ತಿತ್ತು. ಆದುದರಿಂದ ಅಷ್ಟು ದೊಡ್ಡ ರಾಜಧಾನಿ ಒಂದೇ ಕಡೆ ಶತಮಾನಗಳ ಕಾಲ ಕುಳಿತು ಉಣ್ಣಲು ಸಾಧ್ಯವಾಯಿತು. ಬೆಳವಲದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಹಡಗಿನ ದಾರಿಯಿಲ್ಲ. ಜೋಳ ಎತ್ತಿನ ಬೆನ್ನಿನ ಮೇಲೆ, ಬಂಡಿಯ ಮೇಲೆ ಹೋಗಬೇಕು. ಎತ್ತೂ ತಿನ್ನುತ್ತದೆ, ಬಂಡಿ ಹೊಡೆಯುವವನೂ ಉಣ್ಣುತ್ತಾನೆ. ದಾರಿ ಉದ್ದವಾದಷ್ಟೂ ತಲುಪುವ ಕಾಳು ಕಡಿಮೆ. ಕಾಳನ್ನು ಅರಸನ ಬಳಿಗೆ ಒಯ್ಯುವುದಕ್ಕಿಂತ ಅರಸನೂ ಅವನ ದಂಡೂ ಕಾಳಿನ ಬಳಿಗೆ ಹೋಗುವುದೇ ಲೇಸು. ಶಾಸನಗಳಲ್ಲಿ ಪದೇ ಪದೇ ಬರುವ ‘ನೆಲೆವೀಡು’ ಎಂಬ ಮಾತಿನ ಹಿನ್ನೆಲೆ ಇದೇ ಇರಬೇಕು. ಚಕ್ರವರ್ತಿ ಇಂದು ಇಲ್ಲಿ ಬೀಡು ಬಿಟ್ಟಿದ್ದಾನೆ, ಮುಂದೆ ಇನ್ನೆಲ್ಲೋ. ತಾನು ಹೋಗಲಾರದ ಕಡೆ ಅಲ್ಲಿನ ಕಾಳನ್ನು ಅಲ್ಲಿಯೇ ಉಂಡು, ಕರೆದಾಗ ದಂಡು ತರುವ ಸಾಮಂತ. ಈ ಸೀಮೆಯಲ್ಲಿ ಮೊನ್ನೆಮೊನ್ನೆಯವರೆಗೂ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯ್ದಿಡುತ್ತಿದ್ದುದನ್ನು ಹಿರಿಯರು ಬಲ್ಲರು. ಅಂತಹ ನಾಡು ಯಾರ ಕೈಯಲ್ಲಿದೆಯೋ ಅವನ ದಂಡು ಉಪವಾಸ ಬೀಳುವುದಿಲ್ಲ.

ಆಡಳಿತದ ಕೆಳಗಿನ ಹಂತ ಮಾತ್ರ ಅಲುಗದೆ ಉಳಿಯಿತು. ಊರಿನ ಗಾವುಂಡ, ಅಗ್ರಹಾರವಾದರೆ ಅಲ್ಲಿನ ಮಹಾಜನರು, ಹೊಲದ ಅಳತೆಗೆ ಮತ್ತರು, ಭೂಮಿಗೆ ಸಿದ್ಧಾಯ, ಸರಕಿಗೆ ಸುಂಕ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕದಲ್ಲಿಯೇ ಹಲವು ಬಗೆ, ಅವುಗಳಿಗೆ ಬೇರೆಬೇರೆ ಅಧಿಕಾರಿಗಳು. ಮೇಲಿನವರು ಯಾರೇ ಬಂದರೂ ಯಾವ ಬದು ಯಾರದೆಂದು ತಿಳಿದವನು ಗಾವುಂಡನೊಬ್ಬನೇ. ಅಣ್ಣಿಗೇರಿಯಲ್ಲಿಯೇ ಇದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದಲ್ಲಿ, ಎಂದರೆ ಸುಮಾರು 751ರಲ್ಲಿ, ಜೇಬುಳಗೇರಿಯ ಗಾಮುಂಡ ಕಲಿಯಮ್ಮ ಎಂಬವನು ಇಲ್ಲಿ ಜೈನ ಚೇದಿಯವೊಂದನ್ನು ಕಟ್ಟಿಸಿದ. ಕೆಲವೇ ವರ್ಷಗಳಲ್ಲಿ ರಾಷ್ಟ್ರಕೂಟ ದಂತಿದುರ್ಗನು ಕೀರ್ತಿವರ್ಮನನ್ನು ಸೋಲಿಸಿ ಆ ಸಾಮ್ರಾಜ್ಯವನ್ನು ಕೆಡವಿದ. ಆ ದಂತಿದುರ್ಗನ ಮನೆತನವೂ ಮೊದಲು ಅದೇ ಚಾಲುಕ್ಯರ ಸಾಮಂತ ಮನೆತನ.

ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರಿಕ್ಯಾಲದ ಶಾಸನ ತಿಳಿಸುತ್ತದೆ. ಪಂಪ ಆಶ್ರಯ ಪಡೆದದ್ದು ಚಕ್ರವರ್ತಿಯ ಬಳಿಯಲ್ಲಲ್ಲ, ವೇಮುಲವಾಡದ ಅರಿಕೇಸರಿ ಎಂಬ ಸಾಮಂತನ ಬಳಿ. ಆ ಅರಿಕೇಸರಿ ರಾಷ್ಟ್ರಕೂಟ ನಾಲ್ವಡಿ ಗೋವಿಂದನಿಗೆ ಎದುರು ನಿಂತು ಅವನನ್ನು ಇಳಿಸುವುದರಲ್ಲಿ ಪಾಲುಗೊಂಡವನು. ಸಾಮಂತನನ್ನು ಅರ್ಜುನನಿಗೆ ಹೋಲಿಸಿ ಮಹಾಕಾವ್ಯ ಬರೆಯಬಹುದಾಗಿದ್ದ ಕಾಲವದು ಎಂಬುದೇ ಸಾಮಂತರ ಬಲಕ್ಕೆ ಸಾಕ್ಷಿ.

ಇನ್ನು ಗುಡ್ಡಗಾಡಿನ ಮಾತು. ಕಲಘಟಗಿ, ಅಳ್ನಾವರಗಳಿಂದ ಪಶ್ಚಿಮಕ್ಕೆ ಹೋದಂತೆ ಎರೆ ಮುಗಿದು ಕೆಂಪು ನೆಲ, ಭತ್ತದ ಗದ್ದೆ, ಕಾಡು ಬರುತ್ತವೆ. ಆ ಕಡೆಯ ಹಲಸಿಗೆ-12000 ಗೋವೆಯ ಕದಂಬರ ಕೈಯಲ್ಲಿತ್ತು. ಬಯಲು ನಾಡನ್ನು ಬಳುವಳಿ ಕೊಟ್ಟಂತೆ ಗುಡ್ಡದ ನಾಡನ್ನು ಕೊಡುವುದು ಸುಲಭವಿರಲಿಲ್ಲ. ಆರನೆಯ ವಿಕ್ರಮಾದಿತ್ಯನಂತಹ ಪ್ರಬಲ ಚಕ್ರವರ್ತಿ ತನ್ನ ಸಾಮಂತ ಸಿಂದರ ಆಚುಗಿಯ ದಂಡನ್ನು ಗೋವೆಯ ಮೇಲೆ ಕಳಿಸಬೇಕಾಯಿತು. ಅಷ್ಟೇ ಅಲ್ಲದೆ ತನ್ನ ಮಗಳು ಮೈಲಲದೇವಿಯನ್ನು ಕದಂಬ ಇಮ್ಮಡಿ ಜಯಕೇಶಿಗೆ ಮದುವೆ ಮಾಡಿಕೊಟ್ಟ. ಧಾರವಾಡದ ಪಕ್ಕದ ನರೇಂದ್ರದಲ್ಲಿರುವ 1125ರ ಶಾಸನ ಈ ದಂಪತಿಗಳ ಆಳ್ವಿಕೆಯದು. ಘಟ್ಟವನ್ನು ಕತ್ತಿಯಿಂದ ಗೆದ್ದರೂ ಉಳಿಸಿಕೊಳ್ಳಲು ನೆಂಟಸ್ತಿಕೆ ಬೇಕಾಯಿತು.

ಆಳ್ವಿಕೆಯ ಬೆಲೆ ಎಷ್ಟು ಎಂಬುದು ಯುದ್ಧದಲ್ಲಿ ತಿಳಿಯುತ್ತದೆ. 1007ರ ಹೊಟ್ಟೂರಿನ ಶಾಸನ, ಇಂದಿನ ಹಾವೇರಿ ಜಿಲ್ಲೆಯದು, ಚೋಳರ ದಂಡು ನಾಡನ್ನು ಸುಲಿದು ಹೆಂಗಸರು ಮಕ್ಕಳೆನ್ನದೆ ಕೊಂದುದನ್ನು ಹೇಳುತ್ತದೆ. ಒಂಬತ್ತು ಲಕ್ಷ ಸೈನಿಕರೆಂಬ ಅದರ ಎಣಿಕೆಯನ್ನು ಅಕ್ಷರಶಃ ನಂಬಬೇಕಿಲ್ಲ. ನೋವನ್ನು ನಂಬಬೇಕು. ಮುಂದೆ ಮತ್ತೆ ಚೋಳರು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟರು. ಬೂತುಗ ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಗಂಗ ಪೆರ್ಮಾಡಿ ಬಸದಿಯೂ ಆಗ ಹಾಳಾಯಿತು. ಹಾಗೆ ಮಾಡಿದ ಚೋಳ ದೊರೆ ಯುದ್ಧದಲ್ಲಿ ತಲೆ ತೆತ್ತನೆಂದೂ, ಬೆಳ್ವೊಲವನ್ನಾಳುತ್ತಿದ್ದ ಲಕ್ಷ್ಮರಸ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ ಗಾವರವಾಡದ 1071ರ ಶಾಸನ ಹೇಳುತ್ತದೆ. ಚೋಳ ರಾಜಾಧಿರಾಜ ಸತ್ತದ್ದು 1054ರ ಕೊಪ್ಪಂ ಕಾಳಗದಲ್ಲಿ. ಅಣ್ಣಿಗೇರಿಯ ಎಪ್ಪತ್ತಾರು ಕಂಬಗಳ ಅಮೃತೇಶ್ವರ ದೇವಾಲಯ ಎದ್ದದ್ದೂ ಸರಿಸುಮಾರು ಇದೇ ಕಾಲದಲ್ಲಿ, 1050ರ ಆಸುಪಾಸಿನಲ್ಲಿ. ಕುಂದಗೋಳದ ಶಂಭುಲಿಂಗ ದೇವಾಲಯವೂ ಚಾಲುಕ್ಯರ ಕಾಲದ್ದೇ. ಒಂದು ಕೈ ಸುಡುತ್ತಿದ್ದಾಗ ಇನ್ನೊಂದು ಕೈ ಕಟ್ಟುತ್ತಿತ್ತು. ಎರಡಕ್ಕೂ ಅನ್ನ ಹಾಕಿದ್ದು ಎರೆಹೊಲವೇ.

ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ. ಅವನ ಮಗ ಮೂರನೆಯ ಸೋಮೇಶ್ವರ 1129ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಐದು ಭಾಗಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ರಾಜ್ಯವನ್ನು ಪಡೆಯುವುದು ಮೊದಲನೆಯದು, ಪಡೆದುದನ್ನು ಸ್ಥಿರಪಡಿಸುವುದು ಎರಡನೆಯದು. ಉಳಿದ ಮೂರು ಭಾಗ ಅರಸನ ಭೋಗ, ವಿನೋದ, ಕ್ರೀಡೆಗಳಿಗೆ ಮೀಸಲು. ಅಡುಗೆ, ಸಂಗೀತ, ಬೇಟೆ, ಮೀನು ಹಿಡಿಯುವಿಕೆಗಳ ಬಗ್ಗೆ ಅಷ್ಟು ಸೊಗಸಾದ ವಿವರ ಬೇರೆಲ್ಲೂ ಸಿಗದು. ವಿದ್ಯಾರ್ಥಿಗಳು ಅವಶ್ಯ ಓದಬೇಕಾದ ಗ್ರಂಥ. ರಾಜ್ಯ ಕಳೆದುಕೊಳ್ಳುವ ಬಗೆಗೆ ಮಾತ್ರ ಅದರಲ್ಲಿ ಆರನೆಯ ಭಾಗವಿಲ್ಲ. ಆ ಭಾಗವನ್ನು ಅವನ ಮಗಂದಿರು ಬದುಕಿ ತೋರಿಸಿದರು.

ಭೀಮಾ ತೀರದ ತರ್ದವಾಡಿ-1000 ಎಂಬ ನಾಡಿನ ಕಥೆ ಇಲ್ಲಿ ಗಮನಿಸತಕ್ಕದ್ದು. ರಾಷ್ಟ್ರಕೂಟರ ಕೊನೆಗಾಲದಲ್ಲಿ, 965ರಲ್ಲಿ, ಆ ನಾಡು ಚಾಲುಕ್ಯ ಇಮ್ಮಡಿ ತೈಲಪನೆಂಬ ಸಾಮಂತನಿಗೆ ಜೀವಿತವಾಗಿ ಸಿಕ್ಕಿತ್ತು. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷವೇ ತೈಲಪ ತನ್ನ ಒಡೆಯನನ್ನು ಕೆಡವಿ ಚಕ್ರವರ್ತಿಯಾದ. ಹೀಗೆ ಹುಟ್ಟಿದ್ದು ಕಲ್ಯಾಣದ ಚಾಲುಕ್ಯ ಸಾಮ್ರಾಜ್ಯ. ಸುಮಾರು ನೂರೈವತ್ತು ವರ್ಷಗಳ ನಂತರ ಅದೇ ತರ್ದವಾಡಿಯನ್ನು ಕಳಚುರಿ ಮನೆತನ ಆಳುತ್ತಿತ್ತು. ಚಾಲುಕ್ಯ ಮುಮ್ಮಡಿ ತೈಲಪ ಕಾಕತೀಯ ಪ್ರೋಲನ ಕೈಗೆ ಸೆರೆಸಿಕ್ಕು ಬಿಡುಗಡೆಯಾಗಿ ಬಂದ ಮೇಲೆ ಅವನ ಮಾತಿಗೆ ಬೆಲೆಯಿಲ್ಲದಾಯಿತು. ಕಳಚುರಿ ಬಿಜ್ಜಳ ಮೆಲ್ಲಮೆಲ್ಲನೆ ಅಧಿಕಾರವನ್ನು ಕೈಗೆ ತೆಗೆದುಕೊಂಡು 1162ರಲ್ಲಿ ತಾನೇ ಚಕ್ರವರ್ತಿಯೆಂದು ಘೋಷಿಸಿಕೊಂಡ. ಏರಲು ಹಿಡಿದ ಏಣಿಯನ್ನು ಚಾಲುಕ್ಯರು ತೆಗೆದಿಟ್ಟಿರಲಿಲ್ಲ. ತೆಗೆದಿಡುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಆ ಏಣಿಯೇ ಅವರ ಆಡಳಿತವಾಗಿತ್ತು.

ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು, ಶರಣರು ಏನನ್ನು ಕಟ್ಟಿದರು, 1167ರ ಸುಮಾರಿಗೆ ಅಲ್ಲಿ ಏನಾಯಿತು ಎಂಬುದು ಎಲ್ಲರಿಗೂ ತಿಳಿದ ಕಥೆ, ಇಲ್ಲಿ ಬಿಡಿಸಬೇಕಾಗಿಲ್ಲ. ಬಿಜ್ಜಳನ ನಂತರ ಅವನ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. 1184ರ ಹೊತ್ತಿಗೆ ಬೊಮ್ಮರಸನೆಂಬ ದಂಡನಾಯಕನ ಬೆಂಬಲದಿಂದ ನಾಲ್ಕನೆಯ ಸೋಮೇಶ್ವರ ಮತ್ತೆ ಚಾಲುಕ್ಯ ಹೆಸರನ್ನು ಎತ್ತಿ ನಿಲ್ಲಿಸಿದ. ಬೊಮ್ಮರಸನ ತಂದೆ ಕಾವಣ ಕಳಚುರಿಗಳ ಸೇವೆಯಲ್ಲಿದ್ದವನು ಎಂಬುದು ಆ ಕಾಲದ ನಿಷ್ಠೆಯ ಸ್ವರೂಪವನ್ನು ತಿಳಿಸುತ್ತದೆ. ಸೋಮೇಶ್ವರ ತನ್ನ ನೆಲೆವೀಡನ್ನು ಅಣ್ಣಿಗೇರಿಯಲ್ಲಿ ಮಾಡಿದ. ಉತ್ತರದ ನಾಡುಗಳ ಸಾಮಂತರು ಕೈಬಿಟ್ಟಿದ್ದರು, ಬೊಕ್ಕಸ ತುಂಬಿಸುವವರು ಇರಲಿಲ್ಲ. ಉಳಿದ ದಂಡಿಗೆ ಕೂಳು ಹಾಕಬಲ್ಲ ನೆಲ ಇದೊಂದೇ. ಅವನು ಅಣ್ಣಿಗೇರಿಗೆ ಬಂದದ್ದು ಕೋಟೆಗಾಗಿ ಅಲ್ಲ, ಹಗೇವಿಗಾಗಿ ಎಂದು ಊಹಿಸಿದರೆ ತಪ್ಪಾಗಲಾರದು.

ಆದರೆ ಜೋಳ ಕರೆಯುವುದು ಒಬ್ಬನನ್ನೇ ಅಲ್ಲ. ಉತ್ತರದಿಂದ ದೇವಗಿರಿಯ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ, ಇಬ್ಬರೂ ಇದೇ ಬೆಳವಲದ ಮೇಲೆ ಬಂದರು. ಇಬ್ಬರೂ ಹಿಂದೆ ಚಾಲುಕ್ಯರಿಗೆ ತಲೆಬಾಗುತ್ತಿದ್ದ ಮನೆತನದವರೇ. ಬಲ್ಲಾಳ ತನ್ನ ಕುದುರೆ ದಂಡಿನಿಂದ ಬೊಮ್ಮರಸನ ಆನೆಯ ಪಡೆಯನ್ನು ಮುರಿದ. ಕಲ್ಯಾಣ ಭಿಲ್ಲಮನ ಪಾಲಾಯಿತು. ಸೋಮೇಶ್ವರ ಬಯಲನ್ನು ಬಿಟ್ಟು ಬನವಾಸಿಯ ಕಡೆಗೆ, ಕದಂಬ ಕಾಮದೇವನ ಆಶ್ರಯಕ್ಕೆ ಸರಿದ. ಅಣ್ಣಿಗೇರಿಯ ಹೊಲಗಳು ಉಣಿಸಿದ್ದವು, ಕಾಯಲಾರದೆ ಹೋದವು. ಕೊನೆಗೆ ಆಸರೆ ದೊರೆತದ್ದು ಕಾಡಿನ ಅಂಚಿನಲ್ಲಿ.

ಭಿಲ್ಲಮ 1191ರಲ್ಲಿ ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಬೆಳ್ವೊಲ-300ರ ಹಿರಿಯ ಹಂದಿಗೋಳ ಎಂಬ ಹಳ್ಳಿಯನ್ನು ದತ್ತಿ ಬಿಟ್ಟ. ಆ ಬಳಿಕ ಗದಗಿನ ಸಮೀಪದ ಸೊರಟೂರಿನಲ್ಲಿ ಬಲ್ಲಾಳ ಭಿಲ್ಲಮನನ್ನು ಸೋಲಿಸಿ ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಬೀಡು ಬಿಟ್ಟ. 1192ರಲ್ಲಿ ಬಲ್ಲಾಳ ಅದೇ ತ್ರಿಕೂಟೇಶ್ವರನಿಗೆ ಬೆಳ್ವೊಲದ ಹೊಂಬಳಲನ್ನು ದತ್ತಿ ಬಿಟ್ಟ. ಎರಡೂ ದತ್ತಿಗಳನ್ನು ಸ್ವೀಕರಿಸಿದವರು ಒಬ್ಬರೇ ಆಚಾರ್ಯರು, ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಚಕ್ರವರ್ತಿ ಬದಲಾದ, ದೇವರು ಬದಲಾಗಲಿಲ್ಲ, ಕೈನೀಡಿದವರೂ ಬದಲಾಗಲಿಲ್ಲ. ಹಂದಿಗೋಳ, ಹೊಂಬಳಗಳ ಒಕ್ಕಲುಗಳು ಆ ಎರಡು ವರ್ಷಗಳಲ್ಲಿ ಯಾರಾರ ದಂಡಿಗೆ ಎಷ್ಟೆಷ್ಟು ಕಾಳು ಅಳೆದುಕೊಟ್ಟರೆಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ.

ದತ್ತಿ ಶಾಸನಗಳ ಕೊನೆಯಲ್ಲಿ ಒಂದು ವಾಡಿಕೆಯ ಮಾತಿರುತ್ತದೆ. ಈ ಭೂಮಿಯನ್ನು ಮುಂದೆ ಆಳುವ ಅರಸರು, ತಮ್ಮ ವಂಶದವರಾಗಲಿ ಪರವಂಶದವರಾಗಲಿ, ಈ ಧರ್ಮವನ್ನು ಕಾಯಬೇಕೆಂಬ ಬೇಡಿಕೆ, ಕಾಯದವರಿಗೆ ಶಾಪ. ಸೂರ್ಯಚಂದ್ರರಿರುವವರೆಗೆ ಎಂದು ಬರೆಸಿದವರೇ ತಮ್ಮ ವಂಶ ಅಷ್ಟು ಕಾಲ ಬಾಳುವುದಿಲ್ಲವೆಂದು ಅದೇ ಕಲ್ಲಿನಲ್ಲಿ ಒಪ್ಪಿಕೊಂಡಿದ್ದಾರೆ.

ಏನನ್ನೂ ಕೊಡದೆ ತೆಗೆದುಕೊಳ್ಳಬಹುದಾಗಿದ್ದ ಈ ನಾಡಿಗೆ ದೊಡ್ಡ ಪ್ರಮಾಣದಲ್ಲಿ ನೀರು ಕೊಟ್ಟ ಮೊದಲ ಆಳ್ವಿಕೆ ಬಂದದ್ದು ನಮ್ಮ ಕಾಲದಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ 1970ರ ದಶಕದಲ್ಲಿ ಕಾಲುವೆಗಳು ನವಲಗುಂದ, ನರಗುಂದಗಳ ಎರೆಹೊಲಕ್ಕೆ ಬಂದವು. ಜೊತೆಗೆ ಅಭಿವೃದ್ಧಿ ಕರ ಬಂತು. ನೀರು ತಲುಪದ ಹೊಲಕ್ಕೂ ಕರ ಬಂತೆಂಬುದು ರೈತರ ದೂರು. ತಾನಾಗಿ ಹಸಿ ಹಿಡಿಯುವ ಮಣ್ಣಿಗೆ ಮೇಲಿಂದ ಮೇಲೆ ನೀರು ಬಿಟ್ಟಾಗ ಸವಳು ಜವಳು ಏಳುತ್ತದೆ ಎಂಬುದನ್ನೂ ಅವರು ಅನುಭವದಿಂದ ಕಲಿತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರಾಯಿತು, ಪ್ರಾಣಗಳು ಹೋದವು. ಅಲ್ಲಿಂದ ಹಬ್ಬಿದ ಚಳವಳಿಯ ನಂತರ, 1983ರ ಜನವರಿಯ ಚುನಾವಣೆಯಲ್ಲಿ, ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸು ಅಧಿಕಾರ ಕಳೆದುಕೊಂಡಿತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಬೆಳವಲದ ಒಕ್ಕಲಿಗ ತನ್ನ ಮೇಲಿನ ಆಳ್ವಿಕೆಯನ್ನು ಬದಲಿಸುವುದರಲ್ಲಿ ತಾನೇ ಪಾಲುಗೊಂಡದ್ದು ಬೂತುಗನ ಕಾಲಕ್ಕೆ ಊಹಿಸಲಾಗದ ಸಂಗತಿ.

ಅದೇ ನವಲಗುಂದದಲ್ಲಿ 2015ರಿಂದ ಮಹದಾಯಿಯ ನೀರಿಗಾಗಿ ಧರಣಿ ನಡೆಯಿತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ಕಳಸಾ, ಬಂಡೂರಿ ಹಳ್ಳಗಳು ಹುಟ್ಟುವುದು ಖಾನಾಪುರದ ಕಾಡಿನಲ್ಲಿ. ಮಲಪ್ರಭೆಯ ಮೂಲವಾದ ಕಣಕುಂಬಿಯೂ ಅಲ್ಲೇ. ಒಂದು ಕಾಲಕ್ಕೆ ಬಯಲು ನಾಡಿನ ಅರಸರು ಗುಡ್ಡದ ಕಡೆ ದಂಡು ಕಳಿಸುತ್ತಿದ್ದರು, ಇಲ್ಲವೆ ಮಗಳನ್ನು ಕೊಡುತ್ತಿದ್ದರು. ಈಗ ಬೇಸಿಗೆ ಬಂತೆಂದರೆ ನವಲಗುಂದದ ಕೆರೆ ತುಂಬಬೇಕಾದರೆ ಕಾಲುವೆಗೆ ನೀರು ಬಿಡಬೇಕು, ಕಾಲುವೆಗೆ ನೀರು ಬರಬೇಕಾದರೆ ನವಿಲುತೀರ್ಥದಲ್ಲಿ ನೀರಿರಬೇಕು, ಅಲ್ಲಿ ನೀರಿರಬೇಕಾದರೆ ಕಣಕುಂಬಿಯ ಕಾಡಿನ ಮೇಲೆ ಮಳೆ ಬಿದ್ದಿರಬೇಕು.